ಪಾಠ 14: ಬಿಸಿ, ಬೆಚ್ಚಗೆ, ಕೈ

ನಾವು ಇಂಗ್ಲಿಷ್ ಓದಿದವರಲ್ಲ. ಆದರೂ ದಿನಾ ಎಷ್ಟೋ ಇಂಗ್ಲಿಷ್ ಮಾತು ಆಡುತ್ತೇವೆ. ಬಸ್ಸು, ರೇಷನ್, ಲೈಟು ಎಲ್ಲ ಇಂಗ್ಲಿಷೇ. ಇವತ್ತು ಬಿಸಿಗೆ, ಕೈಗೆ ಇಂಗ್ಲಿಷಿನಲ್ಲಿ ಏನಂತಾರೆ, ತಿಳಿಯೋಣ ಬನ್ನಿ.

ಒಲೆಯಿಂದ ಈಗ ಇಳಿಸಿದ ಸಾರು ಬಿಸಿ. ಇದು ಹಾಟ್. ಹೊದ್ದ ಕಂಬಳಿ ಬೆಚ್ಚಗೆ. ಇದು ವಾರ್ಮ್. ಹಾಟ್ ಸುಡುತ್ತದೆ. ವಾರ್ಮ್ ಹಿತವಾಗಿರುತ್ತದೆ. ಗಂಟಲು ನೋವಿಗೆ ಡಾಕ್ಟರು ‘ವಾರ್ಮ್ ವಾಟರ್’ ಬಾಯಿಗೆ ಹಾಕಿ ಮುಕ್ಕಳಿಸಿ ಅಂದರೆ ಕುದಿ ನೀರಲ್ಲ, ಉಗುರುಬೆಚ್ಚಗಿನ ನೀರು. ತಪ್ಪು ತಿಳಿದರೆ ಬಾಯಿ ಸುಟ್ಟೀತು.

ಇಂಗ್ಲಿಷಿನಲ್ಲಿ ಖಾರಕ್ಕೂ ಹಾಟ್ ಅಂತಾರೆ. ತಣ್ಣಗಿದ್ದರೆ ಕೋಲ್ಡ್. ನೆಗಡಿಗೂ ಕೋಲ್ಡ್. ಇದೇನು ಹೊಸದಲ್ಲ. ನಾವೂ ಶೀತ ಎಂಬ ಒಂದೇ ಮಾತನ್ನು ಎರಡಕ್ಕೂ ಆಡುತ್ತೇವಲ್ಲ!

ಲಾಡ್ಜಿನ ಬಚ್ಚಲಲ್ಲಿ ಎರಡು ನಲ್ಲಿ ಇರುತ್ತವೆ. ಒಂದೇ ಮೆಟ್ಟಿಲಿನ ಏಣಿಯಂಥ ಅಕ್ಷರ ಇದ್ದರೆ ಅದು ಎಚ್. ಅಂದರೆ ಹಾಟ್. ಬಾಯಿ ತೆರೆದ ಬಳೆಯಂಥ ಅಕ್ಷರ ಸಿ. ಅಂದರೆ ಕೋಲ್ಡ್. ಬಿಸಿಗೆ ಕೆಂಪು, ತಣ್ಣಗಿನದಕ್ಕೆ ನೀಲಿ ಗುರುತೂ ಇರಬಹುದು. ಮಗುವಿಗೆ ನೀರು ಹಾಕುವ ಮುಂಚೆ ನಮ್ಮ ಮೊಣಕೈ ಅದ್ದಿ ನೋಡೋಣ. ಸುಟ್ಟರೆ ಗಾಯದ ಮೇಲೆ 20 ನಿಮಿಷ ನಲ್ಲಿಯ ತಣ್ಣೀರು ಬಿಡೋಣ. ಪೇಸ್ಟು ಹಚ್ಚುವುದು ಬೇಡ.

ಮಗುವಿನ ಹಣೆ ಮುಟ್ಟಿ ಮೈ ಬಿಸಿ ಅಂತೀವಿ. ಕೈ ಮುಟ್ಟಿ ನೋಡಿದರೆ ಸಾಲದು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಇದ್ದರೆ ಅದು ಜ್ವರ, ಅಂದರೆ ಫೀವರ್. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗ ಕೈ. ನಮಗೆ ಭುಜದಿಂದ ಬೆರಳ ತುದಿವರೆಗೂ ಕೈಯೇ. ಇಂಗ್ಲಿಷಿನಲ್ಲಿ ಮಣಿಕಟ್ಟಿನಿಂದ ಕೆಳಗೆ ಮಾತ್ರ ಹ್ಯಾಂಡ್. ಅದರ ಮೇಲೆ ಭುಜದವರೆಗೆ ಆರ್ಮ್. ಆಸ್ಪತ್ರೆಯಲ್ಲಿ ‘ಕೈ ನೋವು’ ಅಂದರೆ ಸಾಲದು. ನೋವು ಇರುವ ಜಾಗವನ್ನು ಬೆರಳಿಟ್ಟು ತೋರಿಸೋಣ. ಆಗ ಎಕ್ಸ್‌ರೇ ಸರಿಯಾದ ಜಾಗದ್ದೇ ಆಗುತ್ತದೆ.

ಕೈಮಗ್ಗ ಹ್ಯಾಂಡ್‌ಲೂಮ್. ಕೈಯಿಂದ ಒತ್ತುವ ಬೋರ್‌ವೆಲ್ ಹ್ಯಾಂಡ್ ಪಂಪ್. ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಕೊಂಡರೆ ಅದು ಸೆಕೆಂಡ್ ಹ್ಯಾಂಡ್. ಹೊಸದರ ಬೆಲೆ ಕೇಳಿದರೆ ಕೊಡಬಾರದು.

ಎಡಗೈ ಲೆಫ್ಟ್ ಹ್ಯಾಂಡ್. ಅದರ ಹೆಬ್ಬೆಟ್ಟನ್ನೇ ಕಾಗದದ ಮೇಲೆ ಒತ್ತುತ್ತಿದ್ದೆವು. ಏನು ಬರೆದಿದೆ ಗೊತ್ತಿರುತ್ತಿರಲಿಲ್ಲ. ಈಗ ಅದೇ ಕಾಗದ ಓದುತ್ತೇವೆ. ಓದಿ, ಕೇಳಿ, ತಿಳಿದ ಮೇಲೆಯೇ ಸಹಿ ಮಾಡುತ್ತೇವೆ.

ಉತ್ತರ ಹೇಳೋಣ
1. ಹಾಟ್‌ಗೂ ವಾರ್ಮ್‌ಗೂ ಏನು ವ್ಯತ್ಯಾಸ?
2. ಎಚ್ ಅಕ್ಷರ ಹೇಗಿರುತ್ತದೆ? ಬರೆದು ತೋರಿಸಿ.
3. ನಮ್ಮ ಮನೆಯಲ್ಲಿ ಆಡುವ ಐದು ಇಂಗ್ಲಿಷ್ ಮಾತುಗಳನ್ನು ಕನ್ನಡದಲ್ಲಿ ಬರೆಯೋಣ.