ಪರಿಚಲನೆ: ದೇಹದಲ್ಲಿಯೂ ನಿಸರ್ಗದಲ್ಲಿಯೂ

‘ಪರಿಚಲನೆ’ ಎಂಬ ಪದದ ಸ್ವಾರಸ್ಯವು ‘ಪರಿ’ ಎಂಬ ಉಪಸರ್ಗದಲ್ಲಿದೆ. ಒಂದೆಡೆಯಿಂದ ಮತ್ತೊಂದೆಡೆಗೆ ಹೋಗುವುದು ಚಲನೆ. ಸುತ್ತಿ ಬಂದು ಹೊರಟಲ್ಲಿಗೇ ಮರಳುವುದು ಪರಿಚಲನೆ. ಬಿಟ್ಟ ಬಾಣಕ್ಕೆ ಚಲನೆಯುಂಟು, ಪರಿಚಲನೆಯಿಲ್ಲ. ಮರಳುವಿಕೆಯೇ ಈ ಪದದ ಪ್ರಾಣ.

ಆಯುರ್ವೇದದ ಆಚಾರ್ಯರು ‘ರಸ’ ಶಬ್ದವನ್ನು ಗತ್ಯರ್ಥಕವಾದ ಧಾತುವಿನಿಂದ ಸಾಧಿಸಿ, ಆ ರಸವನ್ನು ದೇಹದಲ್ಲೆಲ್ಲ ನಡೆಸುವುದು ವ್ಯಾನವಾಯುವೆಂದು ಹೇಳಿದರು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಲೆಕ್ಕದಿಂದ ವಿಚಾರಿಸಿದನು. ಹೃದಯವು ಅಲ್ಪಕಾಲದಲ್ಲಿ ಹೊರದೂಡುವ ರಕ್ತವು ದೇಹದಲ್ಲಿರುವ ಸಮಸ್ತ ರಕ್ತವನ್ನೂ ಮೀರುತ್ತದೆ. ಅಷ್ಟನ್ನು ಆಹಾರದಿಂದ ಹೊಸದಾಗಿ ಉತ್ಪಾದಿಸುವುದು ಅಸಾಧ್ಯ. ಆದಕಾರಣ ಹೋದ ರಕ್ತವೇ ಮರಳಿ ಬರುತ್ತಿರಬೇಕು. ಇದು ಅವನ ವಾದಸರಣಿ. ಧಮನಿಗಳನ್ನೂ ಸಿರೆಗಳನ್ನೂ ಬೆಸೆಯುವ ಲೋಮನಾಳಗಳನ್ನು ಮಾಲ್ಪಿಘಿಯು 1661ರಲ್ಲಿ ಸೂಕ್ಷ್ಮದರ್ಶಕದಿಂದ ಕಂಡಾಗ ಈ ವಾದವು ಪೂರ್ಣಗೊಂಡಿತು. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ವಿಶ್ರಾಂತಿಯಲ್ಲಿರುವಾಗಲೂ ಹೃದಯವು ನಿಮಿಷಕ್ಕೆ ಸುಮಾರು ಅಷ್ಟನ್ನೇ ನೂಕುತ್ತದೆ.

ಹಾರ್ವೆಯು ಈ ಚಕ್ರಗತಿಗೆ ಉಪಮಾನವಾಗಿ ತಂದದ್ದು ಮಳೆಯನ್ನು ಎಂಬುದು ಗಮನಾರ್ಹ. ತೇವಗೊಂಡ ಭೂಮಿಯು ಬಿಸಿಲಿಗೆ ಕಾದು ಆವಿಯಾಗುತ್ತದೆ. ಆವಿಯು ಮಳೆಯಾಗಿ ಭೂಮಿಗೇ ಇಳಿಯುತ್ತದೆ.

ಈ ತತ್ತ್ವಕ್ಕೆ ಬೇತಮಂಗಲದ ಕೆರೆಗಿಂತ ಸಮೀಪದ ನಿದರ್ಶನ ಬೇಕಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಕೆರೆಯಿಂದ ಕೆರೆಗೆ ಹರಿದು ಇಲ್ಲಿ ತಂಗಿ, ಆಂಧ್ರ ಮತ್ತು ತಮಿಳುನಾಡುಗಳನ್ನು ದಾಟಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಒಳಹರಿವು. ಮೇಲಿನ ರಾಜಕಾಲುವೆ ಮುಚ್ಚಿದರೆ ಕೆಳಗಿನ ಕೆರೆ ಬರಿದಾಗುವುದು, ಧಮನಿ ಕಟ್ಟಿದಾಗ ಅವಯವ ಸೊರಗುವಂತೆ.

ವಿಜಯಾದಿತ್ಯಮಂಗಲವೆಂಬುದು ಈ ಊರಿನ ಪ್ರಾಚೀನ ನಾಮ. 10ನೆಯ ಶತಮಾನದಲ್ಲಿ ದಿಲೀಪನೆಂಬ ಹೆಸರೂ ಇದ್ದ ಇರಿವ ನೊಳಂಬನು ಈ ಕೆರೆಯನ್ನು ಜೀರ್ಣೋದ್ಧಾರ ಮಾಡಿಸಿದನೆಂಬುದು ಶಾಸನಗಳಿಂದ ತಿಳಿಯುತ್ತದೆ. ಕಾಳಿದಾಸನ ರಘುವಂಶದಲ್ಲಿಯೂ ಒಬ್ಬ ದಿಲೀಪನಿದ್ದಾನೆ. ಅವನು ಪ್ರಜೆಗಳಿಂದ ಕರವನ್ನು ಪಡೆದುದು ಅವರ ಹಿತಕ್ಕಾಗಿಯೇ ಎಂದು ಹೇಳುವಲ್ಲಿ ಕವಿಯು, ನೀರನ್ನು ಹೀರಿ ಅನೇಕ ಮಡಿಯಾಗಿ ಹಿಂದಿರುಗಿಸುವ ಸೂರ್ಯನನ್ನು ಉಪಮಾನವಾಗಿಸುತ್ತಾನೆ. ಕೊಂಡದ್ದನ್ನು ಕೊಡುವುದೇ ರಾಜಧರ್ಮವೆಂಬುದು ಇದರ ತಾತ್ಪರ್ಯ. ನೊಳಂಬ ದಿಲೀಪನ ಕಾರ್ಯವು ಆ ಹೆಸರಿಗೆ ಒಪ್ಪುವಂತಿದೆ.

ಮರಳದ ಚಲನೆಗೂ ಉದಾಹರಣೆ ದೂರದಲ್ಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಕೆರೆಯ ನೀರು ಕೊಳವೆಗಳಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಗಣಿಯ ಚಿನ್ನವೂ ಹೊರಗೆ ಹೋಯಿತು. 2001ರಲ್ಲಿ ಗಣಿಗಳು ಮುಚ್ಚಿದಾಗ ಸೀಮೆಯಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು.

2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಬಳಸಿದ ನೀರು, ಶುದ್ಧೀಕರಣಗೊಂಡು, ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕೆರೆಗಳಿಗೆ ಹರಿಸುವುದು ಯೋಜನೆಯ ಉದ್ದೇಶ. ಎರಡು ಹಂತದ ಶುದ್ಧಿ ಸಾಕೆಂಬವರಿಗೂ ಮೂರನೆಯ ಹಂತ ಬೇಕೆಂಬವರಿಗೂ ವಾದ ನಡೆದಿದೆ. ದೇಹಶಾಸ್ತ್ರವು ಇಲ್ಲಿ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ರಕ್ತವು ಶ್ವಾಸಕೋಶಕ್ಕೆ ಹೋಗದೆ ಮರಳಿ ದೇಹಕ್ಕೆ ಹರಿಯುವುದಿಲ್ಲ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕಿ, ಉಳಿದುದನ್ನೆಲ್ಲ ಹಿಂದಿರುಗಿಸುತ್ತವೆ. ಶುದ್ಧಿಯಿಲ್ಲದೆ ಮರಳಿದರೆ ಅಮೃತವೂ ವಿಷವಾದೀತು.

ಆದುದರಿಂದ ಪರಿಚಲನೆಗೆ ಮೂರು ಅಂಗಗಳು: ತೆರೆದ ಮಾರ್ಗ, ನಡುವೆ ಶುದ್ಧಿ, ಕೊನೆಗೆ ಮರಳುವಿಕೆ. ಶಾಲೆಯ ಉಪಾಧ್ಯಾಯರು ರಕ್ತದ ಪಾಠವನ್ನು ಚಿತ್ರಪಟದಲ್ಲಿ ಮುಗಿಸದೆ, ಮಕ್ಕಳನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಿ, ಕಾಲುವೆ ಎಲ್ಲಿ ತೆರೆದಿದೆ, ಎಲ್ಲಿ ಹೂಳು ತುಂಬಿದೆ ಎಂಬುದನ್ನು ಎಣಿಸಹೇಳುವುದು ಉಚಿತ. ಕೆರೆಯ ನಾಡಿಯನ್ನು ಹಿಡಿದು ನೋಡಬಲ್ಲ ಮಗುವು ಮುಂದೆ ಅದನ್ನು ಕಾಯಲೂ ಬಲ್ಲುದು.