ಹಲವು ಸಂಪರ್ಕಗಳನ್ನು ಒಂದುಗೂಡಿಸುವ ಕ್ರಮ

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದಲೂ ಕೇಳಿರುತ್ತೇವೆ. ನೀರಿನ ವಿಷಯದಲ್ಲಿಯೂ ಧಾನ್ಯದ ವಿಷಯದಲ್ಲಿಯೂ ಇದು ನಿಜವೆಂಬುದಕ್ಕೆ ಸಂದೇಹವಿಲ್ಲ. ಆದರೆ ಪ್ರಯಾಣದಲ್ಲಿರುವವರು ಎರಡು ಮೂರು ಕಂಪನಿಗಳ ಸಿಮ್ ಕಾರ್ಡುಗಳನ್ನು ಒಟ್ಟಿಗೆ ಇಟ್ಟುಕೊಂಡ ಮಾತ್ರಕ್ಕೆ ಅವುಗಳ ಇಂಟರ್‌ನೆಟ್ಟು ತಾನೇ ತಾನಾಗಿ ಕೂಡಿ ದೊಡ್ಡ ಹಳ್ಳವಾಗಿ ಹರಿಯುವುದೇ? ಹರಿಯದು. ಏಕೆ ಹರಿಯದು, ಕೂಡಿಸಬೇಕಾದರೆ ಏನು ಮಾಡತಕ್ಕದ್ದು, ಕೂಡಿಸಿದರೂ ಯಾವಾಗ ಪ್ರಯೋಜನವಾಗದು ಎಂಬ ಮೂರು ಪ್ರಶ್ನೆಗಳನ್ನು ಈ ಚಿಕ್ಕ ಪಾಠದಲ್ಲಿ ವಿಚಾರಿಸೋಣ.

ಮೊದಲು ತೊಂದರೆಯ ಸ್ವರೂಪವನ್ನು ತಿಳಿಯಬೇಕು. ಮೊಬೈಲ್ ಫೋನು ತನ್ನ ಸಮೀಪದ ಟವರಿನೊಡನೆ ರೇಡಿಯೋ ಅಲೆಗಳ ಮೂಲಕ ವ್ಯವಹರಿಸುತ್ತದೆ. ಒಂದೊಂದು ಟವರಿಗೂ ಒಂದೊಂದು ಎಲ್ಲೆಯುಂಟು. ಆ ಎಲ್ಲೆಯೊಳಗಿರುವವರೆಲ್ಲರೂ ಅದರ ಶಕ್ತಿಯನ್ನು ಹಂಚಿಕೊಳ್ಳಬೇಕು. ಓಡುವ ವಾಹನವಾದರೋ ಒಂದು ಎಲ್ಲೆಯನ್ನು ಬಿಟ್ಟು ಮತ್ತೊಂದನ್ನು ಸೇರುತ್ತಲೇ ಇರುವುದು. ಗುಡ್ಡವು ಅಡ್ಡವಾದರೆ ಅಲೆಯು ಕುಗ್ಗುವುದು. ಟವರು ದೂರವಾದರೆ ಕ್ಷೀಣಿಸುವುದು. ಪೇಟೆಯ ಜನಸಂದಣಿಯಲ್ಲಿ ಪಾಲು ಕಿರಿದಾಗುವುದು. ಅದರಲ್ಲಿಯೂ ಫೋನಿನಿಂದ ಟವರಿಗೆ ಹೋಗುವ ದಾರಿಯು, ಟವರಿನಿಂದ ಫೋನಿಗೆ ಬರುವ ದಾರಿಗಿಂತ ಸಾಮಾನ್ಯವಾಗಿ ಇಕ್ಕಟ್ಟಾದದ್ದು. ಟವರಿನ ಬಲವೆಲ್ಲಿ, ಅಂಗೈಯಲ್ಲಿ ಹಿಡಿಯುವ ಫೋನಿನ ಬಲವೆಲ್ಲಿ!

ಬಸ್ಸಿನಲ್ಲಿ ಕುಳಿತು ನೋಡುವ ವಿನೋದದ ಚಿತ್ರವು ನಡುವೆ ನಿಂತುಹೋದರೆ ಬೇಸರವಾಗುವುದೇ ಹೊರತು ಹೆಚ್ಚಿನ ನಷ್ಟವೇನೂ ಇಲ್ಲ. ಆದರೆ ಪಾರ್ಶ್ವವಾಯುವಿಗೆ ಗುರಿಯಾದ ರೋಗಿಯೊಬ್ಬಳನ್ನು ಅಂಬುಲೆನ್ಸಿನಲ್ಲಿ ಕರೆದೊಯ್ಯುತ್ತಿರುವರೆಂದು ಭಾವಿಸೋಣ. ಮೆದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಔಷಧವನ್ನು, ರೋಗಲಕ್ಷಣವು ತೋರಿದ ೪½ ಗಂಟೆಗಳೊಳಗಾಗಿ ಕೊಡಬೇಕೆಂಬುದು ಸಾಮಾನ್ಯ ನಿಯಮ. ಎಷ್ಟು ಬೇಗನೆ ಕೊಟ್ಟರೆ ಅಷ್ಟು ಒಳ್ಳೆಯದು. ದೂರದ ಆಸ್ಪತ್ರೆಯಲ್ಲಿರುವ ತಜ್ಞರು ದಾರಿಯಲ್ಲಿಯೇ ಆಕೆಯ ಮುಖವನ್ನು ನೋಡಿ, ಮಾತನ್ನು ಕೇಳಿ, ಕೈಯೆತ್ತುವ ಬಗೆಯನ್ನು ಪರೀಕ್ಷಿಸಬಲ್ಲವರಾದರೆ ಅಮೂಲ್ಯವಾದ ನಿಮಿಷಗಳು ಉಳಿಯುವುವು. ಇಂಥಲ್ಲಿ ಚಿತ್ರವು ತಡೆದು ನಿಲ್ಲುವುದು ಬರಿಯ ಬೇಸರದ ಮಾತಲ್ಲ.

ಈಗ ಸಂದೇಶವು ಹೇಗೆ ಸಾಗುವುದೆಂಬುದನ್ನು ನೋಡೋಣ. ಇಂಟರ್‌ನೆಟ್ಟಿನಲ್ಲಿ ಚಿತ್ರವಾಗಲಿ ಧ್ವನಿಯಾಗಲಿ ಅಖಂಡವಾಗಿ ಹೋಗುವುದಿಲ್ಲ. ಪ್ಯಾಕೆಟ್ಟುಗಳೆಂಬ ಚಿಕ್ಕ ಚಿಕ್ಕ ತುಂಡುಗಳಾಗಿ ಹೋಗುತ್ತದೆ. ಒಂದು ಪುಸ್ತಕದ ಹಾಳೆಗಳನ್ನು ಬಿಡಿಸಿ, ಒಂದೊಂದಕ್ಕೂ ಅಂಕೆಯನ್ನು ಬರೆದು, ಊರಿಂದೂರಿಗೆ ಆಳುಗಳ ಕೈಯಲ್ಲಿ ಕಳುಹಿಸಿದಂತೆಯೇ ಇದು. ಹಾಳೆಗಳನ್ನು ಬೇರೆ ಬೇರೆ ಆಳುಗಳಿಗೆ ಹಂಚಬಹುದೆಂಬುದರಲ್ಲಿಯೇ ನಮ್ಮ ವಿಷಯದ ಮೂಲವಿದೆ. ಈ ಹಂಚಿಕೆಯಲ್ಲಿ ಮೂರು ಬಗೆಗಳುಂಟು. ಇವುಗಳನ್ನು ಒಂದೇ ಎಂದು ತಿಳಿಯುವುದರಿಂದಲೇ ಅನೇಕರಿಗೆ ನಿರಾಶೆಯಾಗುತ್ತದೆ.

ಮೊದಲನೆಯದು ಬದಲಿಯ ಕ್ರಮ. ಒಬ್ಬ ಆಳು ನಡೆಯುತ್ತಿರುವಾಗ ಮತ್ತೊಬ್ಬನು ಸುಮ್ಮನಿದ್ದು, ಮೊದಲಿನವನು ಬಿದ್ದರೆ ತಾನು ಹೊರಡುವನು. ಎರಡು ಸಿಮ್ ಕಾರ್ಡುಗಳ ಫೋನುಗಳಲ್ಲಿ ಇಂಟರ್‌ನೆಟ್ಟಿನ ಮಟ್ಟಿಗೆ ಸಾಮಾನ್ಯವಾಗಿ ನಡೆಯುವುದು ಇಷ್ಟೇ. ಇದರಿಂದ ವೇಗವು ಹೆಚ್ಚದು. ಬದಲಾಯಿಸುವ ಹೊತ್ತಿನಲ್ಲಿ ನಡೆಯುತ್ತಿದ್ದ ಮಾತು ಕಡಿದುಹೋಗುವುದೂ ಉಂಟು. ಎರಡನೆಯದು ಹೊರೆಯನ್ನು ಹಂಚುವ ಕ್ರಮ. ಒಬ್ಬ ಆಳಿಗೆ ಒಂದು ಪುಸ್ತಕ, ಮತ್ತೊಬ್ಬನಿಗೆ ಇನ್ನೊಂದು ಪುಸ್ತಕ. ಒಂದು ವಾಹನದಲ್ಲಿ ಹತ್ತು ಮಂದಿ ಹತ್ತು ಕೆಲಸಗಳನ್ನು ಮಾಡುತ್ತಿದ್ದರೆ ಇದು ಸಾಕು. ಆದರೆ ಯಾವ ಒಂದು ಪುಸ್ತಕವೂ ಮೊದಲಿಗಿಂತ ಬೇಗನೆ ತಲಪುವುದಿಲ್ಲ. ಮೂರನೆಯದೇ ನಿಜವಾದ ಕೂಡಿಕೆ. ಒಂದೇ ಪುಸ್ತಕದ ಹಾಳೆಗಳನ್ನು ಹಲವು ಆಳುಗಳಿಗೆ ಹಂಚಿ, ಆಚೆಯ ತುದಿಯಲ್ಲಿ ಪುನಃ ಅಂಕೆಯ ಕ್ರಮದಲ್ಲಿ ಜೋಡಿಸುವುದು.

ಈ ಮೂರನೆಯ ಕ್ರಮದಲ್ಲಿ ಲೆಕ್ಕ ತಪ್ಪಿದರೆ ಲಾಭಕ್ಕೆ ಬದಲಾಗಿ ನಷ್ಟವೇ ಆಗುವುದು. ಅದು ಹೇಗೆಂದರೆ, ಒಂದು ಸಂಪರ್ಕವು ಸೆಕೆಂಡಿಗೆ ೬ ಮೆಗಾಬಿಟ್ಟುಗಳನ್ನೂ ಇನ್ನೊಂದು ೨ ಮೆಗಾಬಿಟ್ಟುಗಳನ್ನೂ ಸಾಗಿಸಬಲ್ಲುದೆನ್ನೋಣ. ಹಾಳೆಗಳನ್ನು ಒಂದಕ್ಕೊಂದರಂತೆ ಸಮವಾಗಿ ಹಂಚಿದರೆ, ನಿಧಾನವಾದದ್ದು ೨ನ್ನು ಸಾಗಿಸುವಷ್ಟರಲ್ಲಿ ವೇಗವಾದದ್ದಕ್ಕೂ ೨ರಷ್ಟೇ ಕೆಲಸ ದೊರೆಯುವುದರಿಂದ ಒಟ್ಟು ೪ ಮಾತ್ರವೇ ಆಗುವುದು. ಎರಡನ್ನು ಕೂಡಿಸಿದ ಮೇಲೆ, ಒಂದೇ ಇದ್ದಾಗಿನ ೬ಕ್ಕಿಂತಲೂ ಕಡಿಮೆ! ಅದನ್ನೇ ೩ಕ್ಕೆ ೧ರ ಅನುಪಾತದಲ್ಲಿ ಹಂಚಿದರೆ ಒಟ್ಟು ೮ ಆಗುವುದು. ದಾರಿಯಲ್ಲಿ ಈ ಅನುಪಾತವು ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಹಂಚುವ ಯಂತ್ರವು ಪ್ರತಿಯೊಂದು ಸಂಪರ್ಕವನ್ನೂ ಎಡೆಬಿಡದೆ ಅಳೆಯುತ್ತಿರಬೇಕು.

ವೇಗವಲ್ಲದೆ ತಡವೆಂಬ ಇನ್ನೊಂದು ಸಂಗತಿಯುಂಟು. ಒಂದು ದಾರಿಯಲ್ಲಿ ಹಾಳೆಯು ಸೆಕೆಂಡಿನ ೨೦ನೆಯ ಒಂದು ಪಾಲಿನಲ್ಲಿಯೂ ಮತ್ತೊಂದರಲ್ಲಿ ೪ನೆಯ ಒಂದು ಪಾಲಿನಲ್ಲಿಯೂ ಮುಟ್ಟುವುದೆನ್ನೋಣ. ೧ನೆಯ ಮತ್ತು ೩ನೆಯ ಹಾಳೆಗಳು ಮೊದಲಿನ ದಾರಿಯಲ್ಲಿ ಬೇಗನೆ ಬಂದರೂ, ೨ನೆಯದು ಬರುವ ತನಕ ಓದುವವರು ಕಾದಿರಲೇಬೇಕು. ಪುಸ್ತಕವಾದರೆ ಕಾಯಬಹುದು, ಎದುರುಬದುರಾಗಿ ಆಡುವ ಮಾತು ಕಾಯಲಾರದು. ಆದುದರಿಂದ ಬೇಗನೆ ಬೇಕಾದ ಹಾಳೆಯನ್ನು ಬೇಗನೆ ನಡೆಯುವ ಆಳಿನ ಕೈಯಲ್ಲಿಯೇ ಕೊಡಬೇಕು.

ಈ ವಿವೇಕವನ್ನು ಅಂಬುಲೆನ್ಸಿನ ಕಾರ್ಯಕ್ಕಾಗಿ ಪ್ರಯೋಗಿಸಿದವರಲ್ಲಿ ಅಮೇರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಅಸ್ಫಂದಿಯಾರ್ ಕುರೇಶಿ ಮತ್ತು ಜಾನ್ ಗುಟ್ಟಾಗ್ ಎಂಬವರು ಸ್ಮರಣೀಯರು. ಆ ಕಾಲದಲ್ಲಿ ಆ ದೇಶದಲ್ಲಿ ಬಳಕೆಯಲ್ಲಿದ್ದ ಇವಿ-ಡಿಓ ಎಂಬ ಪದ್ಧತಿಯ ಮೊದಲನೆಯ ರೂಪದಲ್ಲಿ, ಫೋನಿನಿಂದ ಟವರಿಗೆ ಸೆಕೆಂಡಿಗೆ ಹೆಚ್ಚೆಂದರೆ ೧೫೩ ಕಿಲೋಬಿಟ್ಟುಗಳು ಮಾತ್ರ ಹೋಗಬಹುದಾಗಿತ್ತು. ತಜ್ಞರು ಪರೀಕ್ಷೆಮಾಡಲು ತಕ್ಕಂಥ ಚಿತ್ರಕ್ಕೆ ಇದು ಸಾಲದು. ಆದಕಾರಣ ಅವರು ಹಲವು ಸಂಪರ್ಕಗಳಿಗೆ ಪ್ಯಾಕೆಟ್ಟುಗಳನ್ನು ಹಂಚುವ ಹೋರ್ಡ್ ಎಂಬ ಏರ್ಪಾಟನ್ನು ೨೦೦೫ರಲ್ಲಿ ಪ್ರಕಟಿಸಿದರು. ೨೦೦೬ರಲ್ಲಿ ಅವರೂ ಅವರ ಜೊತೆಗಾರರೂ ಚಲಿಸುವ ಅಂಬುಲೆನ್ಸಿನಿಂದ ಚಿತ್ರವನ್ನು ಕಳುಹಿಸುವುದಕ್ಕಾಗಿ ತವರುವಾ ಎಂಬ ಏರ್ಪಾಟನ್ನು ವಿವರಿಸಿದರು. ಹೋರ್ಡಿನ ಮುಖ್ಯ ತತ್ತ್ವವೇನೆಂದರೆ, ಸಂದೇಶಗಳೆಲ್ಲವೂ ಒಂದೇ ತೆರನಾದವುಗಳಲ್ಲ ಎಂಬುದು. ಧ್ವನಿಗೆ ತಡವಾಗಬಾರದು, ಹೃದಯದ ಬಡಿತವನ್ನು ತೋರಿಸುವ ರೇಖೆಗೆ ಲೋಪವಾಗಬಾರದು, ಚಿತ್ರದಲ್ಲಿ ಒಂದೆರಡು ತುಂಡುಗಳು ಕಳೆದರೂ ನಡೆದೀತು. ಯಾವುದಕ್ಕೆ ಏನು ಬೇಕೆಂಬುದನ್ನು ಕಳುಹಿಸುವ ಕಾರ್ಯಕ್ರಮವೇ ಹೇಳಬೇಕು. ಅದಕ್ಕೆ ತಕ್ಕ ದಾರಿಯನ್ನು ಹಂಚುವ ಯಂತ್ರವು ಆರಿಸಬೇಕು.

ಹಾಳೆಗಳನ್ನು ಆಚೆಯ ತುದಿಯಲ್ಲಿ ಜೋಡಿಸುವವರು ಯಾರು? ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಒಂದೊಂದು ವಿಳಾಸವಿರುವುದರಿಂದ, ಎರಡು ಸಂಪರ್ಕಗಳಿಂದ ಬಂದ ಪ್ಯಾಕೆಟ್ಟುಗಳನ್ನು ಎದುರಿನ ಯಂತ್ರವು ಇಬ್ಬರು ಅಪರಿಚಿತರ ಮಾತೆಂದೇ ತಿಳಿಯುವುದು. ಇದಕ್ಕೆ ಎರಡು ಪರಿಹಾರಗಳುಂಟು. ನಡುವೆ ಒಂದು ಸರ್ವರನ್ನಿಟ್ಟು, ಎಲ್ಲ ಹಾಳೆಗಳೂ ಮೊದಲು ಅಲ್ಲಿ ಸೇರಿ, ಕ್ರಮವಾಗಿ ಜೋಡಣೆಯಾಗಿ, ಒಂದೇ ವಿಳಾಸದಿಂದ ಮುಂದೆ ಹೊರಡುವಂತೆ ಮಾಡುವುದು ಒಂದು. ಎರಡು ತುದಿಗಳೂ ಹಲವು ದಾರಿಗಳ ಭಾಷೆಯನ್ನು ಕಲಿತಿರುವುದು ಇನ್ನೊಂದು. ಮಲ್ಟಿಪಾತ್ ಟಿಸಿಪಿ ಎಂಬ ಈ ಭಾಷೆಯ ನಿಯಮಗಳು ೨೦೧೩ರಲ್ಲಿ ಪ್ರಯೋಗರೂಪವಾಗಿ ಪ್ರಕಟವಾದುವು. ಅದೇ ವರುಷ ಆಪಲ್ ಕಂಪನಿಯು ತನ್ನ ಸಿರಿ ಎಂಬ ಧ್ವನಿಸಹಾಯಕ್ಕೆ ಇದನ್ನು ಅಳವಡಿಸಿತು. ೨೦೨೦ರಲ್ಲಿ ನಿಯಮಗಳ ಹೊಸ ರೂಪವು ಹೊರಬಂತು. ಲಿನಕ್ಸಿನ ಮೂಲದಲ್ಲಿಯೂ ಅದಕ್ಕೆ ಸ್ಥಳ ದೊರೆಯಿತು. ಎದುರಿನವರು ಈ ಭಾಷೆಯನ್ನು ಅರಿಯದಿದ್ದಲ್ಲಿ ನಡುವಣ ಸರ್ವರು ಬೇಕೇ ಬೇಕು. ಅದು ಬಹು ದೂರದಲ್ಲಿದ್ದರೆ ಸುತ್ತುದಾರಿಯಾಗಿ ತಡವು ಹೆಚ್ಚುವುದೆಂಬುದನ್ನೂ ನೆನಪಿನಲ್ಲಿಡಬೇಕು.

ಇನ್ನು ಕೂಡಿಸಿದರೂ ಯಾವಾಗ ಪ್ರಯೋಜನವಾಗದೆಂಬ ಪ್ರಶ್ನೆಯು ಉಳಿಯಿತು. ಒಂದೊಂದು ಸಂಪರ್ಕವೂ ದಾರಿಯ ೧೦ನೆಯ ಒಂದು ಪಾಲಿನಲ್ಲಿ ಕಡಿಯುವುದೆಂದು ಇಟ್ಟುಕೊಳ್ಳೋಣ. ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವೇ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಕಡಿಯುವುದು ೧೦೦ರಲ್ಲಿ ಒಂದು ಪಾಲು. ಮೂರೂ ಒಟ್ಟಿಗೆ ಕಡಿಯುವುದು ೧೦೦೦ದಲ್ಲಿ ಒಂದು ಪಾಲು. ನೋಡಲು ಬಹು ಸೊಗಸಾದ ಲೆಕ್ಕ! ಆದರೆ "ಸಂಬಂಧವೇ ಇಲ್ಲದಿದ್ದರೆ" ಎಂಬ ಮಾತಿನ ಮೇಲೆ ಇದೆಲ್ಲವೂ ನಿಂತಿದೆ. ಒಂದೇ ಕಂಪನಿಯ ಎರಡು ಸಿಮ್ ಕಾರ್ಡುಗಳು ಒಂದೇ ಟವರನ್ನು ಆಶ್ರಯಿಸುವುದು ಸಾಮಾನ್ಯ. ಬೇರೆ ಬೇರೆ ಕಂಪನಿಗಳವು ಕೂಡ ಅನೇಕ ವೇಳೆ ಒಂದೇ ಟವರಿನ ಮೇಲೆ ತಮ್ಮ ಆಂಟೆನಾಗಳನ್ನು ಕಟ್ಟಿರುತ್ತವೆ. ನಮ್ಮ ದೇಶದಲ್ಲಿ ೨೦೦೭ರಲ್ಲಿ ಹುಟ್ಟಿದ ಇಂಡಸ್ ಟವರ್ಸ್ ಎಂಬ ಸಂಸ್ಥೆಯ ಉದ್ದೇಶವೇ ಹೀಗೆ ಟವರುಗಳನ್ನು ಹಲವರಿಗೆ ಹಂಚಿಕೊಡುವುದು. ಅಲ್ಲಿ ವಿದ್ಯುತ್ತು ನಿಂತರೆ ಎಲ್ಲರಿಗೂ ನಿಲ್ಲುವುದು. ಕಣಿವೆಯ ಗುಡ್ಡವು ಯಾವ ಕಂಪನಿಯ ಅಲೆಯೆಂದು ಕೇಳಿ ತಡೆಯುವುದಿಲ್ಲ. ಸಂಪರ್ಕಗಳ ಸಂಖ್ಯೆಗಿಂತಲೂ ಅವುಗಳ ದೌರ್ಬಲ್ಯಗಳು ಬೇರೆ ಬೇರೆಯಾಗಿರುವುದೇ ಮುಖ್ಯವೆಂದು ಇದರಿಂದ ತಿಳಿಯಬರುತ್ತದೆ. ಟವರೇ ಇಲ್ಲದ ಕಡೆಗೆ ಉಪಗ್ರಹದ ಸಂಪರ್ಕವನ್ನು ಜೊತೆಗಿಟ್ಟುಕೊಳ್ಳುವುದು ಈ ಕಾರಣದಿಂದಲೇ.

ಖರ್ಚಿನ ಮಾತನ್ನೂ ಮರೆಯಲಾಗದು. ತೀರ ಮುಖ್ಯವಾದ ಹಾಳೆಯನ್ನು ಎರಡು ಪ್ರತಿಮಾಡಿ ಎರಡು ದಾರಿಗಳಲ್ಲಿಯೂ ಕಳುಹಿಸಿದರೆ, ಯಾವುದು ಮೊದಲು ಬಂದರೂ ಕೆಲಸವಾಗುವುದು. ಆದರೆ ಡೇಟಾದ ವೆಚ್ಚವು ಇಮ್ಮಡಿಯಾಗುವುದು. ಮೋಡೆಮುಗಳು ಹೆಚ್ಚಿದಷ್ಟೂ ಬ್ಯಾಟರಿಯು ಬೇಗನೆ ಬರಿದಾಗುವುದು. ಬೀದಿಯಿಂದಲೇ ದೃಶ್ಯಗಳನ್ನು ಕಳುಹಿಸುವ ಟೆಲಿವಿಷನ್ ವರದಿಗಾರರು ಹಲವು ಮೋಡೆಮುಗಳ ಚೀಲವನ್ನು ಬೆನ್ನಿಗೇರಿಸಿಕೊಳ್ಳುವುದು ಅವರ ವೃತ್ತಿಗೆ ತಕ್ಕದ್ದು. ಕಾಗದ ಪತ್ರಗಳನ್ನು ಓದಿ ಬರೆಯುವವರಿಗೆ ಒಂದು ಒಳ್ಳೆಯ ಸಂಪರ್ಕವೂ ಬದಲಿಗೆ ಇನ್ನೊಂದೂ ಸಾಕು.

ಆದುದರಿಂದ ಇಂಥ ಯಂತ್ರವನ್ನು ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಇದು ಬದಲಾಯಿಸುವುದೋ, ಹೊರೆಯನ್ನು ಹಂಚುವುದೋ, ನಿಜವಾಗಿ ಕೂಡಿಸುವುದೋ? ಕೂಡಿಸುವುದಾದರೆ ಜೋಡಣೆಯು ಎಲ್ಲಿ ನಡೆಯುವುದು? ನಾವು ಸಂಚರಿಸುವ ದಾರಿಯಲ್ಲಿ ಈ ಸಂಪರ್ಕಗಳು ಬೇರೆ ಬೇರೆ ಟವರುಗಳಿಂದ ಬರುವುವೋ? ನಮ್ಮ ಕೆಲಸಕ್ಕೆ ವೇಗವು ಬೇಕೋ, ಕಡಿಯದಿರುವುದು ಬೇಕೋ?

ಈ ವಿದ್ಯೆಯಲ್ಲಿ ನಮಗೆ ಎಟುಕದ ಗೂಢವೇನೂ ಇಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು. ಹಾಳೆಗಳನ್ನು ಹಂಚುವುದು ಅನುಪಾತದ ಲೆಕ್ಕ. ಸಂಪರ್ಕಗಳು ಒಟ್ಟಿಗೆ ಕಡಿಯುವುದು ಭಿನ್ನರಾಶಿಗಳ ಗುಣಾಕಾರ. ಎರಡನ್ನೂ ನಾವು ತರಗತಿಯ ಕಪ್ಪು ಹಲಗೆಯ ಮೇಲೆ ಮಾಡಿಯೇ ಇರುತ್ತೇವೆ. ಎಂದೋ ಒಂದು ದಿನ ಓಡುವ ಅಂಬುಲೆನ್ಸಿನಿಂದ ರೋಗಿಯ ಮುಖವು ದೂರದ ವೈದ್ಯರಿಗೆ ತಪ್ಪದೆ ಕಾಣಿಸುವಂತೆ ಮಾಡುವ ಕೆಲಸವು ನಮ್ಮಲ್ಲೊಬ್ಬಳ ಪಾಲಿಗೆ ಬಂದೀತು. ಅಂದು ನೆರವಾಗುವುದು ಇದೇ ಲೆಕ್ಕ. ಇಂದು ಅದನ್ನು ಸರಿಯಾಗಿ ಕಲಿಯೋಣ.