ಶಾಲೆಗೆ ಬೀಗ ಬೀಳುವ ಮುನ್ನ

ಪ್ರೀತಿಯ ಮಗಳೇ,

ರಾಯಚೂರು ಸೀಮೆಯ ಹಳ್ಳಿಶಾಲೆಯಲ್ಲಿ ಶಿಕ್ಷಕಿಯಾಗಿ ನಿನ್ನ ಮೊದಲ ವರ್ಷ ಮುಗಿಯುತ್ತ ಬಂತು. ಅಂಕ ತುಂಬುವುದು, ಪ್ರಗತಿ ಪತ್ರ ಬರೆಯುವುದು, ‘ಸಮುದಾಯದತ್ತ ಶಾಲೆ’ ಸಭೆಗೆ ಪಾಲಕರನ್ನು ಕರೆಯುವುದು, ಇವುಗಳ ನಡುವೆ ಶಾಲೆಯ ಕೊನೆಯ ದಿನವಾದ ಏಪ್ರಿಲ್ 10 ಬಂದೇಬಿಡುತ್ತದೆ. ನಿನಗೆ ಪುರುಸೊತ್ತಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಮ್ಮ ಭಾಗದ ಮಕ್ಕಳ ಬೇಸಿಗೆ ಹೇಗೆ ಕಳೆಯುತ್ತದೆ ಎಂಬುದು ಬಹುಮಟ್ಟಿಗೆ ಶಾಲೆಯ ಕೊನೆಯ ವಾರದಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಶಾಲೆಯೆಂದರೆ ಪಾಠ ಎಂದಷ್ಟೇ ಎಣಿಸಬೇಡ. ಕೂಲಿಗೆ ಹೋಗುವವರ ಮಕ್ಕಳಿಗೆ ಅದು ಮಧ್ಯಾಹ್ನದ ಅನ್ನ, ಉರಿಬಿಸಿಲಿಗೆ ಒಂದು ಸೂರು, ದಿನಕ್ಕೊಮ್ಮೆ ಹೆಸರು ಹಿಡಿದು ಕರೆದು ‘ಬಂದಿದ್ದೀಯಾ’ ಎಂದು ಕೇಳುವ ದನಿ. ರಜೆ ಶುರುವಾದ ದಿನ ಇವೆಲ್ಲ ಒಟ್ಟಿಗೇ ನಿಲ್ಲುತ್ತವೆ. ನಿಲ್ಲುವುದೂ ವರ್ಷದ ಅತ್ಯಂತ ಕಠಿಣ ವಾರಗಳಲ್ಲಿ.

ಮೊದಲು ಏಳನೇ ತರಗತಿಯ ಹುಡುಗಿಯರ ಮಾತು. ನಿನ್ನ ಶಾಲೆ ಅವರಿಗೆ ಇಲ್ಲಿಗೆ ಮುಗಿಯಿತು, ಹೈಸ್ಕೂಲು ಬೇರೆ ಊರಿನಲ್ಲಿದೆ. ‘ಜೂನ್‌ನಲ್ಲಿ ನೋಡೋಣ’ ಎಂದು ಮನೆಯವರು ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಏಪ್ರಿಲ್, ಮೇ ಮದುವೆಯ ಕಾಲ. ಅಕ್ಷಯ ತೃತೀಯದಂದು ಮುಹೂರ್ತವನ್ನೇ ನೋಡದೆ ಮದುವೆ ಮಾಡುವವರಿದ್ದಾರೆ. ಅದೇ ದಿನ ಬಸವ ಜಯಂತಿಯೂ ಹೌದು ಎಂಬುದು ನನ್ನನ್ನು ಪ್ರತಿ ವರ್ಷ ಚುಚ್ಚುತ್ತದೆ. ಹೆಣ್ಣನ್ನು ಗಂಡಿಗೆ ಸರಿಸಮನಾಗಿ ಅನುಭವ ಮಂಟಪದಲ್ಲಿ ಕೂರಿಸಿದವರ ದಿನದಂದು ಹದಿಮೂರರ ಕೂಸಿಗೆ ತಾಳಿ ಕಟ್ಟುವುದೇ? ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇದನ್ನು ಪಾಲಕರ ಸಭೆಯಲ್ಲಿ ಗದರಿಸಿ ಹೇಳಬೇಡ, ಒಬ್ಬೊಬ್ಬ ತಾಯಿಯ ಪಕ್ಕ ಕುಳಿತು ಹೇಳು. ಅದಕ್ಕಿಂತ ಹೆಚ್ಚು ಪರಿಣಾಮ ಬೀರುವ ಕೆಲಸ ಇನ್ನೊಂದಿದೆ. ರಜೆಗೆ ಮೊದಲೇ ಒಂದು ದಿನ ಆ ಹುಡುಗಿಯರನ್ನು, ಸಾಧ್ಯವಾದರೆ ಅವರ ತಾಯಂದಿರನ್ನೂ ಕರೆದುಕೊಂಡು ಹೈಸ್ಕೂಲಿಗೆ ಹೋಗಿ ಬಾ. ಅಲ್ಲಿನ ಮೇಷ್ಟ್ರ ಮುಖ ನೋಡಲಿ, ಶೌಚಾಲಯ ಎಲ್ಲಿದೆ ಎಂದು ನೋಡಲಿ, ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿಯಲಿ. ಮುಂದಿನ ಶಾಲೆಯನ್ನು ಕಣ್ಣಾರೆ ಕಂಡ ಹುಡುಗಿ ಮನೆಯಲ್ಲಿ ‘ನಾನು ಹೋಗತೀನಿ’ ಎಂದು ಹಟ ಹಿಡಿಯಬಲ್ಲಳು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಅವರಿಗೆ ಬಾಯಿಪಾಠವಾಗಿರಲಿ, ಮಗ್ಗಿಯ ಜೊತೆಗೇ ಹೇಳಿಸು.

ಇನ್ನು ನೀರು. ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ಬೇಸಿಗೆ ಬಂತೆಂದರೆ ಕೆರೆ, ಕಾಲುವೆ, ಕಲ್ಲು ತೆಗೆದ ಕ್ವಾರಿಗಳಿಂದ ಕೆಟ್ಟ ಸುದ್ದಿ ಬರದ ವರ್ಷವಿಲ್ಲ. ಕೃಷ್ಣೆ, ತುಂಗಭದ್ರೆಯ ಪಾತ್ರದಲ್ಲಿ ಮರಳು ಬಗೆದ ಗುಂಡಿಗಳಿವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಆಳಕ್ಕೆ ಹೋಗುತ್ತದೆ. ಈಗ ಹೊಲಹೊಲಕ್ಕೂ ಕೃಷಿ ಹೊಂಡಗಳು ಬಂದಿವೆ. ರೈತನಿಗೆ ಅವು ಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲ ಹುಡುಗನೂ ದಡ ಹತ್ತಲಾರದೆ ಸೋಲುತ್ತಾನೆ. ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿಯುವುದರಿಂದಲೇ ಒಂದೇ ಮನೆಯ ಇಬ್ಬರು ಮೂವರು ಹೋಗುವುದು.

‘ನೀರಿಗೆ ಹೋಗಬೇಡಿ’ ಎಂದರೆ ಮಕ್ಕಳು ಕೇಳುವುದಿಲ್ಲ ತಾಯಿ. ಅವರಿಗೆ ಆಟವಾಗಿ ಕಲಿಸು. ಅಂಗಳದಲ್ಲಿ ಸುಣ್ಣದ ಪುಡಿಯಿಂದ ದೊಡ್ಡ ಹೊಂಡ ಬರೆ. ಒಬ್ಬ ಒಳಗೆ ಬಿದ್ದವನಾಗಲಿ. ಉಳಿದವರು ಗೆರೆ ದಾಟಿದರೆ ಔಟ್. ಕೂಗಿ ದೊಡ್ಡವರನ್ನು ಕರೆಯಬೇಕು, ಹಗ್ಗ, ಸೀರೆ, ಉದ್ದ ಕೋಲು, ಬಾಯಿ ಮುಚ್ಚಿದ ಖಾಲಿ ಕ್ಯಾನು, ಯಾವುದು ಸಿಕ್ಕರೆ ಅದನ್ನು ಎಸೆದು ಎಳೆಯಬೇಕು. ನಾನು ಪ್ರತಿ ಏಪ್ರಿಲ್‌ನಲ್ಲಿ ಇದನ್ನು ಆಡಿಸುತ್ತಿದ್ದೆ. ಪಾಲಕರಿಗೂ ಒಂದು ಮಾತು ಹೇಳು: ಮೇಲೆತ್ತಿದ ಮಗುವನ್ನು ತಲೆಕೆಳಗು ಹಿಡಿದು ತಿರುಗಿಸುತ್ತ, ಹೊಟ್ಟೆ ಒತ್ತುತ್ತ ಹೊತ್ತು ಕಳೆಯಬಾರದು. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಯಿಂದ ಉಸಿರು ಕೊಡಬೇಕು, ಎದೆ ಒತ್ತಬೇಕು, 108ಕ್ಕೆ ಕರೆ ಮಾಡಬೇಕು. ಆರೋಗ್ಯ ಕೇಂದ್ರದಿಂದ ಯಾರಾದರೂ ಬಂದು ತೋರಿಸಿಕೊಟ್ಟರೆ ಎಲ್ಲಕ್ಕಿಂತ ಒಳ್ಳೆಯದು.

ಬಿಸಿಲಿನ ಬಗ್ಗೆ ನಮ್ಮ ಜನಕ್ಕೆ ಹೆಚ್ಚು ಹೇಳಬೇಕಿಲ್ಲ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ದೊಡ್ಡವರಿಗೇ ಆಗದ ಬಿಸಿಲು ಮಕ್ಕಳಿಗೆ ಆಗುತ್ತದೆಯೇ? ಆಟ ಬೆಳಿಗ್ಗೆ ಹತ್ತರೊಳಗೆ, ಮತ್ತೆ ಸಂಜೆ. ನಡುಹೊತ್ತಿಗೆ ನೆರಳಲ್ಲಿ ಚೌಕಾಬಾರ. ಕುಡಿಯಲು ಬಣ್ಣದ ಪ್ಯಾಕೆಟ್ಟು ಬೇಡ, ಮಜ್ಜಿಗೆ, ಅಂಬಲಿ, ನಿಂಬೆ ಪಾನಕ ಸಾಕು. ವಾಂತಿಭೇದಿ ಆದರೆ ಓಆರ್‌ಎಸ್ ಪೊಟ್ಟಣ. ಅದು ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಬಿಸಿಲಲ್ಲಿ ಆಡಿ ಬಂದ ಮಗು ಮೈ ಕಾದು ಅರ್ಥವಿಲ್ಲದೆ ಮಾತಾಡಿದರೆ, ಮಂಪರಾದರೆ ಕಾಯಬಾರದು. ನೆರಳಿಗೆ ತಂದು ಮೈಯೆಲ್ಲ ನೀರಿನಿಂದ ತೋಯಿಸಿ, ಗಾಳಿ ಬೀಸುತ್ತ ಆಸ್ಪತ್ರೆಗೆ.

ಊಟದ ಚಿಂತೆ ನನ್ನನ್ನು ಬಿಟ್ಟಿಲ್ಲ. ಈ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದದ್ದೇ ನಮ್ಮ ಕಡೆಯ ಜಿಲ್ಲೆಗಳಲ್ಲಿ. 2024ರ ಬರದಲ್ಲಿ ರಜೆಯಲ್ಲೂ ಊಟ ಹಾಕಿದರು. ಬರವಿಲ್ಲದ ವರ್ಷವೂ ಕೆಲವು ಮನೆಗಳಲ್ಲಿ ಬರ ಇದ್ದೇ ಇರುತ್ತದೆ, ಆ ಮನೆಗಳು ಯಾವುವೆಂದು ಅಡುಗೆಯವರಿಗೆ ಗೊತ್ತು. ಅವರನ್ನು ಕೇಳು. ಶಾಲಾಭಿವೃದ್ಧಿ ಸಮಿತಿಯವರ ಮುಂದೆ ಮಗುವಿನ ಹೆಸರು ಎತ್ತದೆ, ಊರಲ್ಲಿ ದವಸ ಉಳ್ಳವರಿಗೆ ವಿಷಯ ತಲುಪಿಸು.

ಇನ್ನು ಕೆಲಸ ಅರಸಿ ಗುಳೆ ಹೋಗುವವರ ಮಕ್ಕಳಿದ್ದಾರೆ. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಅವರ ಬೇಸಿಗೆ ಕಳೆಯುತ್ತದೆ. ಹೋಗುವ ಮೊದಲು ಅಪ್ಪ ಅಮ್ಮನ ಫೋನ್ ನಂಬರು ಬರೆದುಕೊ, ಮೇ ನಡುವಿಗೆ ಒಮ್ಮೆ ಮಾತಾಡು. ‘ಟೀಚರ್ ಫೋನ್ ಮಾಡಿದ್ರು’ ಎಂಬ ಒಂದು ಮಾತಿಗೆ ಊರಿಗೆ ಮರಳಿದ ಮಕ್ಕಳನ್ನು ಕಂಡಿದ್ದೇನೆ.

ರಜೆಗೆಂದು ಪುಟಗಟ್ಟಲೆ ನಕಲು ಬರೆಯಲು ಕೊಡಬೇಡ. ಶಾಲೆಯ ಕಪಾಟಿನ ಕಥೆಪುಸ್ತಕಗಳನ್ನು ಹಂಚಿ ಕಳಿಸು, ಅದಲುಬದಲು ಮಾಡಿ ಓದಲಿ. ಹರಿದರೆ ಹರಿಯಲಿ, ಗೆದ್ದಲು ತಿನ್ನುವುದಕ್ಕಿಂತ ಮಕ್ಕಳ ಕೈಯಲ್ಲಿ ಸವೆಯುವುದು ಮೇಲು. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕೊನೆಯ ಶನಿವಾರ ಸಾಲಾಗಿ ಕರೆದೊಯ್ದು ಹೆಸರು ಬರೆಸಿ ಬಾ.

ಶಾಲೆ ಮತ್ತೆ ತೆರೆದು ಮೊದಲ ಹಾಜರಿ ಕರೆಯುವಾಗ ಯಾರ ಹೆಸರಿಗೆ ಉತ್ತರ ಬರುವುದಿಲ್ಲವೋ ಅವರ ಮನೆಗೆ ಅದೇ ಸಂಜೆ ಹೋಗು. ವಾರ ಬಿಟ್ಟು ಹೋದರೆ ತಡವಾಗಿರುತ್ತದೆ. ಹೈಸ್ಕೂಲಿಗೆ ಸೇರಬೇಕಿದ್ದ ಹುಡುಗಿಯರ ಹೆಸರು ನಿನ್ನ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ಅವನ್ನು ಬೇರೆ ಹಾಳೆಯಲ್ಲಿ ಈಗಲೇ ಬರೆದಿಟ್ಟುಕೊ.

ನಿನ್ನ ಹಿತೈಷಿ,
ಒಬ್ಬ ನಿವೃತ್ತ ಶಿಕ್ಷಕಿ